ಪಂಪಿನ ಹಿಂದಿರುವವರಿಗೂ ಪ್ರಶಸ್ತಿ ಸಿಗಲಿ

ಮಾನ್ಯ ಸಂಪಾದಕರೇ,

ಪೆಟ್ರೋಲ್ ಬಂಕ್ ಮತ್ತು ಅದರ ಜೊತೆಗಿನ ಅಂಗಡಿಗಳ ತಂತ್ರಜ್ಞರನ್ನು ವೇದಿಕೆಗೆ ಕರೆದು ಪ್ರಶಸ್ತಿ ಕೊಟ್ಟು ಗೌರವಿಸುವುದು ಒಳ್ಳೆಯದೇ. ಆದರೆ ತೆರೆಮರೆಯಲ್ಲಿ ದುಡಿದವರನ್ನು ಮರೆಯಬಾರದು. 1964ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಅಂಗಡಿಯೊಳಗೆ ಕೂತೇ ಪಂಪ್ ಚಾಲೂ ಮಾಡುವ ಸಾಧನ ಬಂತು. ಗ್ರಾಹಕರೇ ಇಂಧನ ತುಂಬಿಕೊಳ್ಳಲು ಅದು ದಾರಿ ಮಾಡಿತು. ಅದನ್ನು ರೂಪಿಸಿದ ಹರ್ಬ್ ಟಿಮ್ಸ್ ಹೆಸರು ಎಷ್ಟು ಜನಕ್ಕೆ ಗೊತ್ತು?

ಹೊಸ ಆ್ಯಪ್ ತಂದವರಿಗೆ ಚಪ್ಪಾಳೆ ಬೇಗ ಸಿಗುತ್ತದೆ. ಆದರೆ ಕಾರ್ಡ್ ಮಾಹಿತಿ ಕದಿಯುವ ಸ್ಕಿಮ್ಮರ್ ಸಾಧನಗಳ ಕಾಟ ತಪ್ಪಿಸಲು ಪಂಪುಗಳಿಗೆ ಕಾರ್ಡಿನ ಚಿಪ್ ಓದುವ ರೀಡರ್ ಕೂರಿಸಿದವರು? ಬೇರೆ ಬೇರೆ ಕಂಪನಿಗಳ ಪಂಪು, ಬಿಲ್ಲಿಂಗ್ ಯಂತ್ರಗಳನ್ನು ಒಂದಕ್ಕೊಂದು ಹೊಂದಿಸಿದವರು? ಎಲ್ಲ ಸರಿಯಿದ್ದಾಗ ಇವರ ನೆನಪೇ ಬರುವುದಿಲ್ಲ, ಅಲ್ವಾ? ಯಂತ್ರ ಕೈಕೊಟ್ಟಾಗ ಬೈಗುಳ ಮಾತ್ರ ಗ್ಯಾರಂಟಿ! ಮುಂದಿನ ಸಲ ಇವರನ್ನೂ ವೇದಿಕೆಗೆ ಕರೆಯಲಿ.

– ಒಬ್ಬ ಓದುಗ