ಮಗಳಿಗೊಂದು ಪತ್ರ: ಬೀಗದ ಕೈಗಳ ಡಬ್ಬಿ

ಪ್ರೀತಿಯ ಪುಟ್ಟೀ,

ಮೊನ್ನೆ ಫೋನಿನಲ್ಲಿ, ದೊಡ್ಡ ಬೀರುವನ್ನು ಕೊಟ್ಟುಬಿಟ್ಟೆ ಎಂದಾಗ ನೀನು ಒಂದು ಗಳಿಗೆ ಸುಮ್ಮನಾದೆ. ಆಮೇಲೆ ದನಿ ತಗ್ಗಿಸಿ, "ಅಮ್ಮಾ, ಡಾಕ್ಟರು ಏನಾದರೂ ಹೇಳಿದರೇ?" ಎಂದು ಕೇಳಿದೆ. ನನಗೆ ನಗು ಬಂತು. ಫೋನಿಟ್ಟ ಮೇಲೆ ಕರುಳು ಚುರುಕ್ಕೆಂದದ್ದೂ ನಿಜ. ಇಲ್ಲ ಕಣೇ, ಅಂಥದ್ದೇನೂ ಇಲ್ಲ. ರಕ್ತದೊತ್ತಡ ಮಾತ್ರೆಯ ಮಾತು ಕೇಳುತ್ತಿದೆ, ಮಂಡಿ ಎಂದಿನಂತೆ ಯಾರ ಮಾತೂ ಕೇಳುವುದಿಲ್ಲ, ಅಷ್ಟೇ. ಇದನ್ನೆಲ್ಲ ಫೋನಿನಲ್ಲಿ ಹೇಳಹೊರಟರೆ ನಿನ್ನ ಅಪ್ಪ ಪಕ್ಕದಲ್ಲಿ ಕುಳಿತು ಸಾಲುಸಾಲಿಗೂ ತಿದ್ದುಪಡಿ ಹಾಕುತ್ತಾರೆ. ಅದಕ್ಕೇ ಕಾಗದ ಹಿಡಿದೆ.

ಬೇಡದ ಸಾಮಾನನ್ನು ಒಂದೊಂದಾಗಿ ಮನೆಯಿಂದ ಕಳಿಸುವ ಈ ಕೆಲಸಕ್ಕೆ ಸ್ವೀಡನ್ನಿನವರ ಭಾಷೆಯಲ್ಲಿ 'ಡೊಸ್ಟೆಡ್ನಿಂಗ್' ಎಂಬ ಪದವೇ ಇದೆಯಂತೆ. 'ಡೊ' ಎಂದರೆ ಸಾವು, 'ಸ್ಟೆಡ್ನಿಂಗ್' ಎಂದರೆ ಮನೆ ಚೊಕ್ಕಟ ಮಾಡುವುದು. ನಾವು ಹೋದಮೇಲೆ ಉಳಿದವರು ನಮ್ಮ ಸಾಮಾನಿನ ರಾಶಿಯಲ್ಲಿ ಮುಳುಗದಿರಲಿ ಎಂದು ನಾವೇ ಮೊದಲು ಹಗುರಾಗುವುದು. ಯೋಚನೆ ಒಳ್ಳೆಯದೇ. ಹೆಸರು ಮಾತ್ರ ನನಗೆ ಹಿಡಿಸಲಿಲ್ಲ. ನಾನು ಜಾಗ ಮಾಡುತ್ತಿರುವುದು ಮುಂದಿನ ಹದಿನೈದು ಇಪ್ಪತ್ತು ವರ್ಷ ಆರಾಮವಾಗಿ ಓಡಾಡುವುದಕ್ಕೆ.

ಓಡಾಡುವುದಕ್ಕೆ ಎಂಬ ಮಾತನ್ನು ಅಕ್ಷರಶಃ ತೆಗೆದುಕೋ. ನಿನಗೆ ಹೇಳಿರಲಿಲ್ಲ, ಈಗ ಬೈಯಬೇಡ: ಐದು ತಿಂಗಳ ಹಿಂದೆ ರಾತ್ರಿ ನೀರು ಕುಡಿಯಲು ಎದ್ದವಳು ನಡುಮನೆಯಲ್ಲಿದ್ದ ಹಳೆಯ ಪತ್ರಿಕೆಗಳ ಕಟ್ಟಿಗೆ ಎಡವಿದೆ. ಗೋಡೆ ಕೈಗೆ ಸಿಕ್ಕಿತು, ಬೀಳಲಿಲ್ಲ. ಎದೆ ಮಾತ್ರ ಬೆಳಗಿನವರೆಗೂ ಡವಗುಟ್ಟುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾರೆ, ಅವರಲ್ಲಿ 60 ದಾಟಿದವರೇ ಹೆಚ್ಚು. ಬೀಳಲು ಬೆಟ್ಟ ಹತ್ತಬೇಕಾಗಿಲ್ಲ. ಅಂಚು ಮಡಿಸಿಕೊಂಡ ಕಾಲೊರಸು, ನೆಲದ ಮೇಲೆ ಹಾಯ್ದ ವೈರು, ದಾರಿಗೆ ಅಡ್ಡ ಕುಳಿತ ಒಂದು ಕಟ್ಟು ಸಾಕು. ಮರುದಿನ ಆ ಕಟ್ಟು ಹೊರಗೆ ಹೋಯಿತು. ಅದು ಹೋದ ಜಾಗದಲ್ಲಿ ನೆಲದ ಬಣ್ಣ ಬೇರೆಯೇ ಇತ್ತು. ಎಷ್ಟು ವರ್ಷದಿಂದ ಅಲ್ಲಿತ್ತು ಎಂದು ಇಬ್ಬರಿಗೂ ನೆನಪಿಲ್ಲ.

ಅಂದು ಕುಳಿತು ಯೋಚಿಸಿದೆ. ನಾವು ಉಡಾಳರಲ್ಲ, ಕಂಡದ್ದನ್ನೆಲ್ಲ ಕೊಂಡವರೂ ಅಲ್ಲ. ಹಾಗಿದ್ದರೂ ಮನೆ ಹೀಗೆ ತುಂಬಿಕೊಂಡದ್ದು ಹೇಗೆ? 'ಇರಲಿ' ಎಂಬ ಮೂರಕ್ಷರ ತುಂಬಿಸಿತು. ಖಾಲಿ ಡಬ್ಬಿ ಇರಲಿ, ಕಿವಿ ಮುರಿದ ಕಪ್ಪು ಇರಲಿ, ಕೆಟ್ಟ ಇಸ್ತ್ರಿಪೆಟ್ಟಿಗೆ ಇರಲಿ, ಹೊಸದು ಬಂದರೂ ಹಳೆಯದು ಇರಲಿ. ಇರಲಿ ಎಂದಾಗಲೆಲ್ಲ ಉಳಿಸಿದೆವು ಎಂದುಕೊಂಡೆವು. ನಿಜದಲ್ಲಿ ಮಾಡಿದ್ದು ತೀರ್ಮಾನವನ್ನು ಮುಂದಕ್ಕೆ ತಳ್ಳುವ ಕೆಲಸ. ಹೀಗೆ ತಳ್ಳಿದ್ದೆಲ್ಲ ಕೊನೆಗೆ ಬಂದು ನಿಲ್ಲುವುದು ನಿನ್ನ ಬಾಗಿಲಿಗೆ. ಆಗ ಹೇಳುವುದಕ್ಕೆ ನಾನಿರುವುದಿಲ್ಲ. ಯಾವುದು ಕಸ, ಯಾವುದು ಕತೆ ಎಂದು ನಿನಗೆ ಹೇಗೆ ತಿಳಿಯಬೇಕು?

ಬೀಗದ ಕೈಗಳ ಡಬ್ಬಿ ನಿನಗೆ ನೆನಪಿರಬೇಕು. ಮುಚ್ಚಳದ ಮೇಲೆ ಗುಲಾಬಿ ಹೂವಿನ ಚಿತ್ರವಿದ್ದ, ತಳ ತುಕ್ಕು ಹಿಡಿದ ಡಬ್ಬಿ. ಚಿಕ್ಕವಳಿದ್ದಾಗ ಅದನ್ನು ಅಲ್ಲಾಡಿಸಿ ಕುಣಿಯುತ್ತಿದ್ದೆ. ಒಂದು ಮಧ್ಯಾಹ್ನ ಅದನ್ನು ಹಾಸಿಗೆಯ ಮೇಲೆ ಸುರಿದು ಎಣಿಸಿದೆ: ಮೂವತ್ತೊಂದು. ಹಿತ್ತಾಳೆಯವು, ಕಬ್ಬಿಣದವು, ಸೂಟ್‌ಕೇಸಿಗೆ ಬರುವ ಉಗುರಿನಷ್ಟು ಪುಟಾಣಿಗಳು, ಕತ್ತಿನಲ್ಲಿ ದಾರ ಕಟ್ಟಿಸಿಕೊಂಡು ಯಾವುದೋ ಗುರುತು ಹೇಳಲು ಹೊರಟು ಮರೆತವು. ನಿನ್ನ ಅಪ್ಪನೂ ನಾನೂ ಒಂದೊಂದನ್ನೇ ಹಿಡಿದು ಮನೆಯ ಎಲ್ಲ ಬೀಗಗಳ ಬಳಿ ಹೋದೆವು, ಮದುವೆ ಮನೆಯಲ್ಲಿ ವರ ಹುಡುಕುವವರ ಹಾಗೆ. ಹೊಂದಿದ್ದು ಏಳು. ಉಳಿದ ಇಪ್ಪತ್ತನಾಲ್ಕು ಯಾವ ಬಾಗಿಲಿನವೋ ದೇವರಿಗೇ ಗೊತ್ತು. ಅವುಗಳಲ್ಲಿ ಒಂದನ್ನು ಅಪ್ಪ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, "ಇದು ನಮ್ಮ ಮೊದಲ ಬಾಡಿಗೆ ಮನೆಯದು" ಎಂದರು. ಮನೆ ಬಿಡುವಾಗ ಮಾಲೀಕರಿಗೆ ಒಪ್ಪಿಸಬೇಕಾಗಿತ್ತಲ್ಲ ಎಂದೆ. "ಆಯಿತಲ್ಲ, ಇನ್ನು ಇರಲಿ" ಎಂದರು. ಅದೊಂದಕ್ಕೆ ನಾನೂ ಇರಲಿ ಎಂದೆ.

ಕಾಗದಪತ್ರಗಳ ಕತೆ ಇನ್ನೂ ಚೆಂದ. ಕೊಂಡ ವಸ್ತುಗಳ ರಸೀದಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಪ್ಲಾಸ್ಟಿಕ್ ಹಾಳೆಗಳೊಳಗೆ ಸೇರಿಸಿ, ದಪ್ಪ ಫೈಲಿನಲ್ಲಿ ಜೋಪಾನ ಮಾಡಿದ್ದೆನಲ್ಲ? ತೆರೆದು ನೋಡಿದರೆ ಅರ್ಧಕ್ಕರ್ಧ ಬರಿಯ ಬಿಳಿ ಚೀಟಿಗಳು. ಯಂತ್ರದಿಂದ ಬರುವ ನುಣುಪಾದ ರಸೀದಿಯಲ್ಲಿ ಶಾಯಿಯೇ ಇರುವುದಿಲ್ಲವಂತೆ. ಕಾಗದದ ಲೇಪ ಶಾಖಕ್ಕೆ ಕಪ್ಪಾಗಿ ಅಕ್ಷರ ಮೂಡುತ್ತದೆ, ಬೆಳಕಿಗೂ ಸೆಕೆಗೂ ಅದು ಮಾಸುತ್ತದೆ. ಕೆಲವು ಬಗೆಯ ಪ್ಲಾಸ್ಟಿಕ್ ತಾಗಿಕೊಂಡಿದ್ದರಂತೂ ಇನ್ನೂ ಬೇಗ. ನನ್ನ ಜೋಪಾನವೇ ಅವುಗಳಿಗೆ ಮುಳುವಾಯಿತು. ಹಲವು ವರ್ಷ, ಎರಡು ಮನೆ ಬದಲಾವಣೆ, ಅಷ್ಟು ಕಾಲವೂ ನಾನು ಹೊತ್ತು ತಿರುಗಿದ್ದು ಖಾಲಿ ಹಾಳೆ. ಆ ದಿನ ಅಳಬೇಕೋ ನಗಬೇಕೋ ತಿಳಿಯದೆ ಫೈಲನ್ನು ನಿನ್ನ ಅಪ್ಪನ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಪ್ರತಿಯೊಂದು ಬಿಳಿ ಚೀಟಿಯನ್ನೂ ತಿರುವಿ ನೋಡಿ, "ಹಿಂದೆ ಲೆಕ್ಕ ಬರೆಯಬಹುದು" ಎಂದರು.

ಅಪ್ಪನ ವಿಷಯ ಬಂತು, ಹೇಳಿಬಿಡುತ್ತೇನೆ. ಹಗಲು ನಾನು ಹೊರಗಿಟ್ಟದ್ದನ್ನು ಸಂಜೆ ಅವರು ಒಳಗೆ ತರುತ್ತಾರೆ. ಕಾಲು ಅಲ್ಲಾಡುವ ಸ್ಟೂಲು ಹೀಗೆ ಮೂರು ಸಲ ಹೊಸ್ತಿಲು ದಾಟಿದೆ. ಮೊದಮೊದಲು ಜಗಳವಾಡಿದೆ. ಆಮೇಲೆ ಒಂದು ಪ್ರಯೋಗದ ಬಗ್ಗೆ ಓದಿದೆ. 1990ರಲ್ಲಿ ಡೇನಿಯಲ್ ಕಾನ್ಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು ಸಂಶೋಧಕರು ಪ್ರಕಟಿಸಿದ್ದು. ಒಂದು ತರಗತಿಯ ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಕಪ್ಪು ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಕಪ್ಪು ಸಿಗದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಕಪ್ಪು ಕೈಗೆ ಬಂದು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ, ಆಗಲೇ ಅವರು ಹೇಳಿದ ಬೆಲೆ ಕೊಳ್ಳುವವರು ಹೇಳಿದ್ದಕ್ಕಿಂತ ಸುಮಾರು ಇಮ್ಮಡಿ! ಒಂದು ತರಗತಿಯ ಹೊತ್ತಿನಲ್ಲಿ ಹೀಗಾದರೆ, ಮೂವತ್ತು ವರ್ಷ ಕುಳಿತ ಸ್ಟೂಲಿನ ಬೆಲೆ ಎಷ್ಟಾಗಿರಬೇಡ? ಅಂದಿನಿಂದ ಸ್ಟೂಲಿನ ಮಾತೆತ್ತಿಲ್ಲ.

ನಿಜ ಹೇಳಬೇಕೆಂದರೆ, ಬಾಯಿ ಮುಚ್ಚಿಸಿದ್ದು ಪ್ರಯೋಗವಲ್ಲ, ನನ್ನದೇ ಒಂದು ತಪ್ಪು. ಕಪಾಟಿನ ತಳದಲ್ಲಿ ಹನ್ನೆರಡು ಕ್ಯಾಸೆಟ್ಟುಗಳಿದ್ದವು. ಟೇಪ್ ರೆಕಾರ್ಡರ್ ಕೆಟ್ಟು ಯುಗವಾಯಿತು, ಇವುಗಳಿಂದ ಏನುಪಯೋಗ ಎಂದು ಅಪ್ಪ ಇಲ್ಲದ ಹೊತ್ತಿನಲ್ಲಿ ಹತ್ತನ್ನು ಗುಜರಿಗೆ ಹಾಕಿದೆ. ಎರಡು ಹಿಂದಕ್ಕೆ ಜಾರಿ ಉಳಿದಿದ್ದವು. ಒಂದು ವಾರದ ಮೇಲೆ ಅವರು ಕೇಳಿದರು, "ಅಮ್ಮ ಮಾತಾಡಿದ್ದ ಕ್ಯಾಸೆಟ್ಟು ಎಲ್ಲಿ?" ನಿನ್ನ ಅಜ್ಜಿಯ ದನಿ, ಪುಟ್ಟೀ. ಅದಕ್ಕೆ ಇನ್ನೊಂದು ಪ್ರತಿ ಇರಲಿಲ್ಲ. ಅವರು ಕೂಗಾಡಲಿಲ್ಲ. ಎರಡು ದಿನ ಊಟಕ್ಕೆ ಬಂದು ಕುಳಿತರು, ಎದ್ದು ಹೋದರು. ಕೂಗಾಡಿದ್ದರೆ ಚೆನ್ನಾಗಿತ್ತು.

ಟೇಪಿನ ಕಾಂತೀಯ ಲೇಪ ಕಾಲಕ್ಕೆ ಸವೆಯುತ್ತದೆ, ಆದರೂ ಎಷ್ಟೋ ಹಳೆಯ ಕ್ಯಾಸೆಟ್ಟುಗಳಿಂದ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು ಎಂದು ಆಮೇಲೆ ತಿಳಿಯಿತು. ಉಳಿದ ಎರಡನ್ನು ಹಾಗೆ ಇಳಿಸಿಸಿದೆ. ಒಂದರಲ್ಲಿ ಬರಿಯ ಗೊರಗೊರ. ಇನ್ನೊಂದರಲ್ಲಿ ನೀನು, ಮೂರು ವರ್ಷದವಳು, ಒಂದರಿಂದ ಎಣಿಸುತ್ತಾ ಏಳನ್ನು ಪ್ರತಿ ಸಲವೂ ಹಾರಿಸುತ್ತೀಯೆ. ನಡುವೆ ದೂರದಿಂದ ಒಂದು ಹೆಂಗಸಿನ ದನಿ "ಏಳೆಲ್ಲಿ ಹೋಯಿತೇ?" ಎನ್ನುತ್ತದೆ. ಅದು ಅಜ್ಜಿಯೇ. ಮೂರು ಪದ. ಅಪ್ಪ ಅದನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾರೆ. ನಿನಗೂ ಕಳಿಸುತ್ತೇನೆ.

ಆವತ್ತಿನಿಂದ ಅವರ ಸಾಮಾನಿಗೆ ನಾನು ಕೈ ಹಚ್ಚುವುದಿಲ್ಲ. ಕೆಲವರಿಗೆ ಎಸೆಯಲಾಗದ ಸಂಕಟ ಕಾಯಿಲೆಯ ಮಟ್ಟಕ್ಕೇ ಹೋಗುತ್ತದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಲ್ಲಿ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು. ಅಂಥವರ ಮನೆಯನ್ನು ಅವರಿಲ್ಲದಾಗ ಖಾಲಿ ಮಾಡಿದರೆ ಗುಣವಾಗುವುದಿಲ್ಲ, ಗಾಯ ಹೆಚ್ಚುತ್ತದೆ. ನಿನ್ನ ಅಪ್ಪನಿಗೆ ಇರುವುದು ಅದಲ್ಲ, ಬರಿಯ ಮೊಂಡುತನ. ಮುಂದೆ ನಮ್ಮಿಬ್ಬರಲ್ಲಿ ಯಾರಿಗಾದರೂ ಅದು ಬಂದಂತೆ ಕಂಡರೆ ನೀನೂ ಅಳಿಯನೂ ಸೇರಿ ಲಾರಿ ತರಿಸಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಫೋಟೋಗಳ ಕೆಲಸ ನಿಧಾನವಾಗಿ ಸಾಗಿದೆ. ದೊಡ್ಡಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾರು ಯಾರೆಂದು ಕೇಳಿ, ಕಪ್ಪು ಬಿಳುಪು ಚಿತ್ರಗಳ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು ಬರೆಯುತ್ತಿದ್ದೇನೆ. ಪೆನ್ನಿನ ಶಾಯಿ ಆಚೆ ಬದಿಗೆ ಇಳಿಯುತ್ತದೆ, ಪಕ್ಕದ ಚಿತ್ರಕ್ಕೂ ಹತ್ತುತ್ತದೆ. ಬಣ್ಣದ ಫೋಟೋಗಳ ನುಣುಪು ಬೆನ್ನಿಗೆ ಪೆನ್ಸಿಲು ಹಿಡಿಯದು, ಅವನ್ನು ಲಕೋಟೆಯಲ್ಲಿಟ್ಟು ಲಕೋಟೆಯ ಮೇಲೆ ಬರೆಯುತ್ತೇನೆ. ದೊಡ್ಡಮ್ಮನಿಗೂ ಗುರುತು ಸಿಗದ ಮುಖಗಳು ನಲವತ್ತರ ಮೇಲಿವೆ. ಎಲ್ಲರೂ ಚೆನ್ನಾಗಿ ತಲೆ ಬಾಚಿಕೊಂಡು ನಮ್ಮನ್ನೇ ನೋಡುತ್ತಿದ್ದಾರೆ. ಅವರನ್ನು ಎಸೆಯಲು ನನಗಿನ್ನೂ ಧೈರ್ಯ ಬಂದಿಲ್ಲ.

ಉಳಿದದ್ದು ಸುಲಭವಿತ್ತು. ಅವಧಿ ಮುಗಿದ ಮಾತ್ರೆಗಳನ್ನು ಚರಂಡಿಗೆ ಸುರಿಯದೆ, ವಾಪಸು ತೆಗೆದುಕೊಳ್ಳುವ ಔಷಧದಂಗಡಿಗೆ ಒಪ್ಪಿಸಿದೆ. ಟಾರ್ಚಿನೊಳಗೆ ಬ್ಯಾಟರಿ ಸೋರಿ ಬಿಳಿ ಹುಡಿ ಕಟ್ಟಿತ್ತು. ಅದು ಕ್ಷಾರ, ಚರ್ಮ ಸುಡುತ್ತದೆ, ಬರಿಗೈಯಲ್ಲಿ ಮುಟ್ಟಬೇಡ. ಹಳೆಯ ಮೊಬೈಲೊಂದರ ಬ್ಯಾಟರಿ ದಿಂಬಿನ ಹಾಗೆ ಉಬ್ಬಿತ್ತು. ಚುಚ್ಚಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು, ಅದನ್ನು ಇ-ತ್ಯಾಜ್ಯದವರಿಗೆ ಕೊಟ್ಟೆ. ನಿನ್ನ ಮನೆಯ ಡ್ರಾಯರುಗಳನ್ನೂ ಒಮ್ಮೆ ನೋಡು.

ಹಾಗೆಂದು ನಾನು ಆದಷ್ಟು ಕಡಿಮೆ ವಸ್ತುಗಳಲ್ಲಿ ಬದುಕುವ ಮಿನಿಮಲಿಸಂ ದೀಕ್ಷೆ ಪಡೆದೆನೆಂದು ಹೆದರಬೇಡ. ಬೋಳು ಗೋಡೆ, ಒಂದು ಕುರ್ಚಿ, ಒಂದು ಗಿಡದ ಫೋಟೋ ನೋಡಿದರೆ ನನಗೆ ಬಾಡಿಗೆಗೆ ಸಿದ್ಧವಾದ ಮನೆಯ ನೆನಪಾಗುತ್ತದೆ. ನನ್ನ ಬಳಿ ಇರುವುದು ನೂರೇ ವಸ್ತು ಎಂದು ಎಣಿಸಿ ಹೇಳಿಕೊಳ್ಳುವುದೂ ಒಂದು ಬಗೆಯ ಒಡವೆಯೇ. ನನಗೆ ಬೇಕಾದದ್ದು, ಕೈ ಚಾಚಿದರೆ ಬೇಕಾದ ವಸ್ತು ಸಿಗಬೇಕು, ಸ್ಟೂಲು ಹತ್ತದೆ ಸಿಗಬೇಕು. ಅಟ್ಟ ಈಗ ಪೂರ್ತಿ ಖಾಲಿ. ಅಲ್ಲಿ ಏನನ್ನೂ ಇಡಬಾರದು ಎಂದು ತೀರ್ಮಾನಿಸಿದ್ದೇವೆ. ನಿನ್ನ ಅಪ್ಪ ಮಾತು ಕೊಟ್ಟಿದ್ದಾರೆ, ನೋಡೋಣ.

ಇನ್ನು ನಿನ್ನ ಪಾಲಿಗೆ ಬರೋಣ. ಇಪ್ಪತ್ತನಾಲ್ಕು ತಟ್ಟೆಗಳ ಆ ಪಿಂಗಾಣಿ ಸೆಟ್ಟನ್ನು ನಿನಗೆಂದು ಎತ್ತಿಟ್ಟಿದ್ದೆ. ಮೂರು ಸಲ ಕೇಳಿದೆ, ಮೂರು ಸಲವೂ ನೀನು "ಆಮೇಲೆ ನೋಡೋಣಮ್ಮ" ಎಂದೆ. ಅದರ ಅರ್ಥ ಬೇಡ ಎಂದು ನನಗೆ ಎರಡನೆಯ ಸಲವೇ ತಿಳಿದಿತ್ತು. ನನ್ನ ಅಮ್ಮ ತನ್ನ ಹೊಲಿಗೆ ಯಂತ್ರವನ್ನು ನನಗೆ ಕೊಟ್ಟಾಗ ನಾನೂ ಬಾಯಿಬಿಟ್ಟು ಬೇಡ ಎನ್ನಲಿಲ್ಲ. ಮೂವತ್ತು ವರ್ಷ ಒಂದು ಗುಂಡಿಯನ್ನೂ ಹೊಲಿಯದೆ ಅದರ ಧೂಳು ಒರೆಸಿದೆ. ಒರೆಸಿದಾಗಲೆಲ್ಲ ಅಮ್ಮನಿಗೆ ಏನೋ ಬಾಕಿ ಉಳಿಸಿಕೊಂಡಂತೆ ಅನಿಸುತ್ತಿತ್ತು. ಹೋದ ತಿಂಗಳು ಹೊಲಿಗೆ ಕಲಿಯುತ್ತಿರುವ ಹುಡುಗಿಯೊಬ್ಬಳಿಗೆ ಕೊಟ್ಟೆ. ಅವಳು ಎರಡು ಹನಿ ಎಣ್ಣೆ ಬಿಟ್ಟು ದಾರ ಪೋಣಿಸಿದಳು, ಯಂತ್ರ ಟಕಟಕ ಎಂದು ಓಡಿತು. ಅಮ್ಮನ ಮನೆಯ ಮಧ್ಯಾಹ್ನಗಳ ಸದ್ದು ಅದು. ಅದಕ್ಕೇ ಹೇಳುತ್ತೇನೆ, ಪಿಂಗಾಣಿ ಸೆಟ್ಟು ಬೇಡವೆಂದರೆ ಬೇಡ ಎಂದೇ ಬರೆ, ನನಗೆ ಬೇಸರವಿಲ್ಲ. ಒಂದು ಗಳಿಗೆ ಆಗಬಹುದು, ಅದು ನನ್ನ ಪಾಡು.

ಆದರೆ ಪುಟ್ಟೀ, ನ್ಯಾಯ ಇಬ್ಬರಿಗೂ ಒಂದೇ. ಮದುವೆಯಾಗಿ ಹೋಗುವಾಗ "ಇದೊಂದು ಇಲ್ಲೇ ಇರಲಿ" ಎಂದು ನೀನು ಬಿಟ್ಟುಹೋದ ನೀಲಿ ಟ್ರಂಕು ಮಂಚದ ಕೆಳಗೆ ಇನ್ನೂ ಕುಳಿತಿದೆ. ಅದಕ್ಕೆ ಬೀಗ ಹಾಕಿದ್ದೀಯೆ. ಡಬ್ಬಿಯಲ್ಲಿದ್ದ ಮೂವತ್ತೊಂದು ಕೈಗಳನ್ನೂ ಹಾಕಿ ನೋಡಿದೆ, ಒಂದೂ ಹೊಂದಲಿಲ್ಲ. ಒಡೆಸುವುದಿಲ್ಲ, ಒಳಗೇನಿದೆ ಎಂದು ಕೇಳುವುದೂ ಇಲ್ಲ. ಅದರ ಕೈ ನಿನ್ನ ಹತ್ತಿರವಿದ್ದರೆ ಮುಂದಿನ ಸಲ ಬರುವಾಗ ತೆಗೆದುಕೊಂಡು ಬಾ. ಟ್ರಂಕು ತೆರೆಯುವವರೆಗೆ ಬೀಗದ ಕೈಗಳ ಡಬ್ಬಿಯನ್ನು ಎಸೆಯುವಂತಿಲ್ಲ ಎಂದು ನಿನ್ನ ಅಪ್ಪ ವಾದ ಹೂಡಿ ಗೆದ್ದಿದ್ದಾರೆ.

ನಿನ್ನ
ಅಮ್ಮ