ಅಟ್ಲಾಸ್ ಬೆಟ್ಟದ ಗೈಡ್‌ಗೆ ಸೇರಬೇಕಾದ ದುಡ್ಡು ಎಲ್ಲಿ ಹೋಯಿತು? ಪ್ರವಾಸ ಕಂಪನಿಗೆ ಒಂದು ದೂರು

ಇಂದ,
ನಿಮ್ಮ ಗ್ರಾಹಕಿ, ಮೈಸೂರು

ಗೆ,
ವ್ಯವಸ್ಥಾಪಕರು, ವಿದೇಶ ಪ್ರವಾಸ ವಿಭಾಗ, ಬೆಂಗಳೂರು ಕಚೇರಿ

ವಿಷಯ: 2025ರ ಏಪ್ರಿಲ್‌ನ ಮೊರಾಕೊ ಬ್ಯಾಕ್‌ಪ್ಯಾಕಿಂಗ್ ಪ್ಯಾಕೇಜ್‌ನಲ್ಲಿ ಗೈಡ್ ಮತ್ತು ಹೇಸರಗತ್ತೆ ಬಾಬ್ತು ವಸೂಲು ಮಾಡಿದ ಹಣವನ್ನು ಅವರಿಗೆ ಕೊಡದೆ ಇರುವ ಬಗ್ಗೆ.

ಮಾನ್ಯರೇ,

ನಾನು ಮತ್ತು ನನ್ನ ತಮ್ಮ ಏಪ್ರಿಲ್‌ನಲ್ಲಿ ನಿಮ್ಮ ಮೂಲಕ ಹತ್ತು ದಿನ ಮೊರಾಕೊ ಸುತ್ತಿ ಬಂದೆವು. ಕಾಸಾಬ್ಲಾಂಕಾ, ಫೆಸ್, ಮರಾಕೇಶ್, ಕೊನೆಗೆ ಅಟ್ಲಾಸ್ ಬೆಟ್ಟಸಾಲಿನ ಟುಬ್ಕಾಲ್ ಶಿಖರ. ವಾಪಸು ಬಂದ ಮೇಲೆ ನಿಮ್ಮ ಕಚೇರಿಗೆ ಎರಡು ಸಲ ಫೋನ್ ಮಾಡಿದೆ. "ಚೆಕ್ ಮಾಡಿ ಹೇಳ್ತೀವಿ ಮೇಡಂ" ಅಂದರು. ಇವತ್ತಿನವರೆಗೂ ಯಾರೂ ಹೇಳಲಿಲ್ಲ. ಅದಕ್ಕೇ ಈಗ ಬರೆದು ಕಳಿಸುತ್ತಿದ್ದೇನೆ.

ಊರುಗಳಲ್ಲಿ ಆದ ತೊಂದರೆ ಬೇಗ ಹೇಳಿ ಮುಗಿಸುತ್ತೇನೆ. ಫೆಸ್‌ನಲ್ಲಿ ಲಾಡ್ಜ್ ಬಾಗಿಲಿಗೇ ಕಾರು ಬಿಡುತ್ತದೆ ಎಂದು ಬರೆದಿದ್ದಿರಿ. ಫೆಸ್‌ನ ಹಳೇ ಪೇಟೆಯ ಗಲ್ಲಿಗಳಿಗೆ ಕಾರು ಹೋಗುವುದೇ ಇಲ್ಲ. ಸಾಮಾನು ಸಾಗಿಸಲು ಅಲ್ಲಿ ಕತ್ತೆ, ಹೇಸರಗತ್ತೆಗಳೇ ಗತಿ. ಬಾಬ್ ಬೂ ಜಲೂದ್ ಎಂಬ ನೀಲಿ ಹೆಬ್ಬಾಗಿಲ ಹತ್ತಿರ ಇಳಿಸಿಕೊಂಡು, ಬ್ಯಾಗ್ ಹೊತ್ತು ಅರ್ಧ ಗಂಟೆ ದಾರಿ ಕೇಳುತ್ತಾ ನಡೆದೆವು. ಅಲ್ಲಿಂದ ಮರಾಕೇಶ್‌ಗೆ ರೈಲಿನಲ್ಲಿ ನಾಲ್ಕು ಗಂಟೆ ಎಂದಿತ್ತು ನಿಮ್ಮ ಪಟ್ಟಿಯಲ್ಲಿ. ಹಿಡಿದದ್ದು ಏಳು ಗಂಟೆ ಹತ್ತಿರ. ಅಲ್ಲಿ ವೇಗದ ರೈಲು ಇರುವುದು ಟ್ಯಾಂಜಿಯರ್‌ನಿಂದ ಕಾಸಾಬ್ಲಾಂಕಾವರೆಗೆ ಮಾತ್ರ. ಇವೆಲ್ಲ ನಡೆಯುತ್ತೆ, ಹೊಸ ಊರು ಅಲ್ವಾ ಅಂತ ನಾವೂ ಸುಮ್ಮನಾದೆವು. ಇವಕ್ಕೆ ನಾನು ಪರಿಹಾರ ಕೇಳುತ್ತಿಲ್ಲ.

ನನ್ನ ದೂರು ಇರುವುದು ಟುಬ್ಕಾಲ್ ಬುಡದ ಇಮ್ಲಿಲ್ ಎಂಬ ಹಳ್ಳಿಯಲ್ಲಿ ನಡೆದದ್ದರ ಬಗ್ಗೆ.

ಟುಬ್ಕಾಲ್ 4,167 ಮೀಟರ್. ಉತ್ತರ ಆಫ್ರಿಕಾದಲ್ಲಿ ಅದಕ್ಕಿಂತ ಎತ್ತರದ ಶಿಖರ ಇಲ್ಲ. ನಮ್ಮ ಕುಮಾರ ಪರ್ವತದ ನೆತ್ತಿಯೇ 1,712 ಮೀಟರ್. ಟುಬ್ಕಾಲ್ ಹತ್ತಲು ಶುರು ಮಾಡುವ ಇಮ್ಲಿಲ್ ಹಳ್ಳಿಯೇ ಸುಮಾರು 1,740 ಮೀಟರ್ ಎತ್ತರದಲ್ಲಿದೆ. 2018ರ ಡಿಸೆಂಬರ್‌ನಲ್ಲಿ ಆ ಕಡೆ ಇಬ್ಬರು ಪ್ರವಾಸಿ ಹೆಣ್ಣುಮಕ್ಕಳ ಕೊಲೆಯಾಯಿತು. ಅಲ್ಲಿಂದಾಚೆಗೆ ಗೈಡ್ ಇಲ್ಲದೆ ಬೆಟ್ಟಕ್ಕೆ ಬಿಡುವುದಿಲ್ಲ. ದಾರಿಯಲ್ಲಿ ಪೊಲೀಸರು ಪಾಸ್‌ಪೋರ್ಟ್ ನೋಡಿ ಬರೆದುಕೊಳ್ಳುತ್ತಾರೆ. ಇದು ನಿಮಗೆ ಗೊತ್ತಿತ್ತು. ನಮ್ಮಿಬ್ಬರ ಬಿಲ್ಲಿನಲ್ಲಿ "ಪರ್ವತ ಗೈಡ್ ಮತ್ತು ಹೇಸರಗತ್ತೆ: ₹24,000" ಎಂದು ಬೇರೆಯಾಗಿಯೇ ಹಾಕಿದ್ದೀರಿ. ಆ ಹಣ ಫೆಬ್ರವರಿಯಲ್ಲೇ ಕಟ್ಟಿದ್ದೇನೆ. ರಸೀದಿಯ ಪ್ರತಿ ಲಗತ್ತಿಸಿದ್ದೇನೆ.

ಇಮ್ಲಿಲ್‌ನಲ್ಲಿ ಟ್ಯಾಕ್ಸಿ ಇಳಿದಾಗ ಗೈಡ್ ಬಂದು ನಿಂತಿದ್ದರು. ನಿಮ್ಮ ವೋಚರ್ ತೋರಿಸಿದೆ. ಅವರು ಎರಡು ಸಲ ಓದಿದರು. ಆಮೇಲೆ ಕೋಟಿನ ಒಳಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದು ನನ್ನ ಕೈಗೇ ಕೊಟ್ಟರು. ಒಂದೊಂದು ಸಾಲಿಗೆ ಒಂದು ಕಂಪನಿ, ಹೋದ ತಾರೀಖು, ಎಷ್ಟು ಜನ. ದುಡ್ಡು ಬಂದಿದ್ದರೆ ಕೊನೆಯಲ್ಲಿ ಒಂದು ಟಿಕ್. ನಿಮ್ಮ ಹೆಸರಿನ ಮೂರು ಸಾಲು ಇತ್ತು. ಮೊದಲನೆಯದು ಹೋದ ವರ್ಷದ ಅಕ್ಟೋಬರ್‌ದು. ಮೂರರ ಮುಂದೆಯೂ ಟಿಕ್ ಇಲ್ಲ. ನಮ್ಮದು ನಾಲ್ಕನೆಯ ಸಾಲು. ನಮ್ಮ ಬಗ್ಗೆ ನಿಮ್ಮಿಂದ ಅವರಿಗೆ ಬಂದಿದ್ದು ಹಿಂದಿನ ದಿನ ಕಳಿಸಿದ ಒಂದು ವಾಟ್ಸಾಪ್ ಮೆಸೇಜ್, ಅಷ್ಟೇ.

ಅವರು ರೇಗಲಿಲ್ಲ. "ನೀವು ಅಷ್ಟು ದೂರದಿಂದ ಬಂದಿದ್ದೀರಿ, ಅದಕ್ಕೇ ಬಂದೆ" ಅಂದರು. ನನಗೆ ತಲೆ ಎತ್ತಿ ಅವರ ಮುಖ ನೋಡಲಿಕ್ಕಾಗಲಿಲ್ಲ.

ನಿಮ್ಮ 24 ಗಂಟೆ ಸಹಾಯವಾಣಿಗೆ ಅಲ್ಲಿಂದಲೇ ಫೋನ್ ಮಾಡಿದೆವು. ಅಲ್ಲಿ ಸಂಜೆ ಆರೂವರೆ, ಇಲ್ಲಿ ರಾತ್ರಿ ಹನ್ನೊಂದು. ಐದು ಸಲ ರಿಂಗ್ ಆಗಿ ಕಟ್ ಆಯಿತು. ಕೊನೆಗೆ ನಾವೇ ಕೊಟ್ಟೆವು. ಗೈಡ್‌ಗೆ ಎರಡು ದಿನಕ್ಕೆ 1,200 ದಿರ್ಹಮ್, ಹೇಸರಗತ್ತೆಗೆ 500. ಆಗ ಒಂದು ದಿರ್ಹಮ್ ಅಂದರೆ ಸುಮಾರು ಒಂಬತ್ತು ರೂಪಾಯಿ. ಊಟ ತಿಂಡಿಗೆಂದು ಇಟ್ಟುಕೊಂಡಿದ್ದ ದುಡ್ಡು ಅದು. ಆದರೆ ಕೆಲಸ ಮಾಡಿಸಿಕೊಂಡು ಕೂಲಿ ಕೊಡದೆ ಬರುವುದು ನಮ್ಮಿಂದ ಆಗದ ಮಾತು.

ಇನ್ನೂ ಒಂದು ವಿಷಯ. "ಏಪ್ರಿಲ್‌ನಲ್ಲಿ ಬಿಸಿಲು, ಮಾಮೂಲಿ ಟ್ರೆಕ್ಕಿಂಗ್ ಶೂ ಸಾಕು" ಎಂದು ನಿಮ್ಮವರು ಮೇಲ್‌ನಲ್ಲಿ ಬರೆದಿದ್ದರು. ರಾತ್ರಿ ತಂಗುವ ಮನೆ ಇರುವುದು ಸುಮಾರು 3,200 ಮೀಟರ್‌ನಲ್ಲಿ. ಅಲ್ಲಿಂದ ಮೇಲೆ ಪೂರ್ತಿ ಹಿಮ. ಬೆಳಗಿನ ಜಾವ ಅದು ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ. ಶೂ ಕೆಳಗೆ ಕಟ್ಟುವ ಕಬ್ಬಿಣದ ಹಲ್ಲುಗಳು, ಅಂದರೆ ಕ್ರ್ಯಾಂಪನ್, ಇಲ್ಲದೆ ಒಂದು ಹೆಜ್ಜೆ ಇಡಲಾಗುವುದಿಲ್ಲ. ಗೈಡ್ ಹೇಳಿದ್ದರಿಂದ ಇಮ್ಲಿಲ್‌ನ ಅಂಗಡಿಯಲ್ಲಿ 400 ದಿರ್ಹಮ್ ಕೊಟ್ಟು ಬಾಡಿಗೆಗೆ ತಂದೆವು. ಇಳಿಯುವಾಗ ಒಂದು ಕಡೆ ತಮ್ಮನ ಕ್ರ್ಯಾಂಪನ್ ಪಟ್ಟಿ ಸಡಿಲವಾಗಿ ಕಾಲು ಜಾರಿತು. ಗೈಡ್ ಅವನ ಬ್ಯಾಗ್ ಹಿಡಿದು ನಿಲ್ಲಿಸಿದರು. ಆಮೇಲೆ ಕೈಗವಸು ತೆಗೆದಿಟ್ಟು, ಹಿಮದಲ್ಲೇ ಮಂಡಿಯೂರಿ, ಬರಿಗೈಯಲ್ಲಿ ಪಟ್ಟಿ ಬಿಗಿದರು. ಬೆರಳು ಕೆಂಪಾಗಿ ಹೋಗಿದ್ದವು. ನಿಮ್ಮ ಮೇಲ್ ನಂಬಿ ಬರೀ ಶೂನಲ್ಲಿ ಹೋಗಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ.

ಹೇಸರಗತ್ತೆಯವರದೂ ಹೇಳಬೇಕು. ವಯಸ್ಸು ಅರವತ್ತರ ಮೇಲಿರಬಹುದು. ಸಿದಿ ಶಮ್ಹಾರೂಶ್ ಎಂಬ ದರ್ಗಾ ದಾಟಿ ಸ್ವಲ್ಪ ಮೇಲಕ್ಕೆ ಹೋದ ಮೇಲೆ ಹೇಸರಗತ್ತೆಯ ಕಾಲು ಹಿಮದಲ್ಲಿ ಹೂತುಕೊಂಡಿತು. ಅದನ್ನು ಅಲ್ಲೇ ಕಟ್ಟಿ, ನಮ್ಮ ಎರಡೂ ಬ್ಯಾಗ್ ತಾವೇ ಹೊತ್ತು ಮೇಲಿನವರೆಗೆ ತಂದುಕೊಟ್ಟರು. 2023ರ ಸೆಪ್ಟೆಂಬರ್ 8ರ ರಾತ್ರಿ ಆ ಸೀಮೆಯಲ್ಲಿ 6.8 ತೀವ್ರತೆಯ ಭೂಕಂಪ ಆಗಿತ್ತು. 2,900ಕ್ಕೂ ಜಾಸ್ತಿ ಜನ ಸತ್ತರು. ಇವರ ಮನೆಯ ಒಂದು ಪಕ್ಕಕ್ಕೆ ಇನ್ನೂ ಟಾರ್ಪಾಲೇ ಗೋಡೆ. ನಾವು ಇಳಿದು ಬಂದಾಗ ಅಲ್ಲೇ ಕೂರಿಸಿ ಪುದೀನ ಟೀ ಕೊಟ್ಟರು. ನೀವು ಉಳಿಸಿಕೊಂಡಿರುವುದು ಇಂಥವರ ಕೂಲಿ.

ಮೇಲಿನ ತಂಗುಮನೆಯ ಬುಕಿಂಗ್ ಮಾತ್ರ ಸರಿಯಾಗಿತ್ತು. ಅದಕ್ಕೆ ದುಡ್ಡೂ ಹೋಗಿತ್ತು. ಅಂದರೆ ಅಲ್ಲಿಗೆ ಹಣ ಕಳಿಸುವ ದಾರಿ ನಿಮಗೆ ಗೊತ್ತಿದೆ.

ನಾನು ಕೇಳುವುದು ಇಷ್ಟು. ಗೈಡ್ ಮತ್ತು ಹೇಸರಗತ್ತೆಗೆಂದು ನಮ್ಮಿಂದ ಪಡೆದ ₹24,000, ಕ್ರ್ಯಾಂಪನ್ ಬಾಡಿಗೆ ₹3,600, ಒಟ್ಟು ₹27,600 ನನ್ನ ಖಾತೆಗೆ ವಾಪಸು ಮಾಡಿ. ಹಿಂದಿನ ಮೂರು ಗುಂಪುಗಳ ಬಾಕಿಯನ್ನು ಗೈಡ್‌ಗೆ ಕಳಿಸಿ, ಕಳಿಸಿದ ದಾಖಲೆಯ ಪ್ರತಿ ನನಗೂ ಕೊಡಿ. ಆ ನೋಟ್‌ಬುಕ್ ಹಾಳೆಯ ಫೋಟೊವನ್ನು ಅವರ ಒಪ್ಪಿಗೆ ಪಡೆದೇ ಲಗತ್ತಿಸಿದ್ದೇನೆ. ಮುಂದೆ ಹೋಗುವವರಿಗೆ ಶೂ ವಿಷಯ ಸರಿಯಾಗಿ ತಿಳಿಸಿ.

ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಉತ್ತರ ಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ, ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ಇರುವ ಊರಿನಲ್ಲೇ ದೂರು ಕೊಡಬಹುದು.

ನನ್ನ ದುಡ್ಡು ಬೇಕಾದರೆ ಒಂದು ವಾರ ತಡವಾಗಲಿ. ಅವರದ್ದು ಮೊದಲು ಕಳಿಸಿ.

ಇತಿ,
ನಿಮ್ಮ ಗ್ರಾಹಕಿ

ಲಗತ್ತು: ರಸೀದಿ, ವೋಚರ್, ಶೂ ಬಗ್ಗೆ ಬಂದ ಮೇಲ್, ನೋಟ್‌ಬುಕ್ ಹಾಳೆಯ ಫೋಟೊ