ದುಡ್ಡು ಕೊಟ್ಟು ಬರೆಸಿದ ಕೋಡ್ ಅಂಗಡಿಯವರ ಕೈಗೂ ಸಿಗಲಿ

ಸಂಪಾದಕರಿಗೆ ನಮಸ್ಕಾರ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾಯಿತಲ್ಲ, ಆಗ ನಾನು ಲೆಕ್ಕ ನೋಡುವ ಅಂಗಡಿಗಳ ಪೈಕಿ ಕೆಲವು ಕಡೆ ಬಿಲ್ ಮಾಡೋದೇ ನಿಂತುಹೋಯಿತು. ಎಲ್ಲರೂ ಸರ್ಕಾರಕ್ಕೆ ಬೈದರು. ನನಗೆ ಮಾತ್ರ ಸರ್ಕಾರದ ಮೇಲೆ ಅಷ್ಟೇನೂ ಸಿಟ್ಟು ಬರಲಿಲ್ಲ.

ಹುಬ್ಬಳ್ಳಿಯ ಒಂದು ರೆಡಿಮೇಡ್ ಬಟ್ಟೆ ಅಂಗಡಿಯ ವಿಷಯ ಹೇಳುತ್ತೇನೆ. ಮೊದಲು 1,000 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದರ ಮೇಲೆ ಶೇ 12 ಇತ್ತು. ಈಗ 2,500 ರೂಪಾಯಿವರೆಗೆ ಶೇ 5, ಅದರ ಮೇಲೆ ಶೇ 18. ದರವನ್ನು ಐಟಂ ಮಾಸ್ಟರ್‌ನಲ್ಲಿ, ಅಂದರೆ ಸಾಫ್ಟ್‌ವೇರಿನಲ್ಲಿ ಸರಕುಗಳ ವಿವರ ತುಂಬಿಡೋ ಜಾಗದಲ್ಲಿ ಇಟ್ಟಿದ್ದರೆ, ಹೊಸ ದರ ಯಾವ ತಾರೀಖಿನಿಂದ ಅಂತ ಹಾಕಿ ಮುಂದೆ ಹೋಗಬಹುದಿತ್ತು. ಆದರೆ ಈ ಅಂಗಡಿಗೆ ಬಿಲ್ಲಿನ ಪ್ರೋಗ್ರಾಂ ಬರೆದುಕೊಟ್ಟ ಹುಡುಗ 1,000 ಅನ್ನೋ ಅಂಕಿಯನ್ನೂ 12 ಅನ್ನೋ ಅಂಕಿಯನ್ನೂ ಕೋಡಿನ ಒಳಗೇ ಬರೆದುಬಿಟ್ಟಿದ್ದ. ಆತ ಈಗ ಪುಣೆಯಲ್ಲಿದ್ದಾನೆ, ಫೋನ್ ಎತ್ತೋದಿಲ್ಲ. ಅಂಗಡಿಯಲ್ಲಿ ಇರೋದು ಕಂಪೈಲ್ ಆದ ಫೈಲ್ ಒಂದೇ, ಅದನ್ನು ಬೇರೆಯವರು ತೆರೆದು ತಿದ್ದೋಕೆ ಆಗೋದಿಲ್ಲ. ಅವತ್ತು ನವರಾತ್ರಿಯ ಮೊದಲ ದಿನ, ಅಂಗಡಿ ತುಂಬ ಗಿರಾಕಿ, ಲೆಕ್ಕ ಬರೆಯೋ ದಿವಾನಜಿ ನೋಡಿದರೆ ಹಳೇ ಬಿಲ್ ಬುಕ್ ಹುಡುಕಿ ತಂದು ಕೈಯಲ್ಲಿ ಬರೆಯುತ್ತಾ ಕೂತಿದ್ದರು.

ಸುಮ್ನೆ ಅಂಕಿ ಬದಲಾಯಿಸಿದರೂ ಮುಗಿಯೋದಿಲ್ಲ ಅನ್ನೋದು ಬೇರೆ ಮಾತು. 22ಕ್ಕಿಂತ ಮೊದಲು 1,800 ರೂಪಾಯಿಯ ಕುರ್ತಾವನ್ನು ಶೇ 12 ಹಾಕಿ ಮಾರಿದ್ದೀರಿ, ಅದು ಆಮೇಲೆ ವಾಪಸ್ ಬಂತು ಅಂದುಕೊಳ್ಳಿ. ವಾಪಸ್ ಬಂದ ಮಾಲಿಗೆ ಕೊಡೋ ಕ್ರೆಡಿಟ್ ನೋಟ್ ಹಳೇ ಬಿಲ್ಲಿನ ದರದಲ್ಲೇ ಆಗಬೇಕು. ಅಂದರೆ ಸಾಫ್ಟ್‌ವೇರ್‌ಗೆ ಹಳೇ ದರವೂ ಗೊತ್ತಿರಬೇಕು, ಹೊಸದೂ ಗೊತ್ತಿರಬೇಕು, ತಾರೀಖು ನೋಡಿ ಯಾವುದು ಅಂತ ತಾನೇ ತೀರ್ಮಾನಿಸಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಿನಿಂದ ದರ ಬದಲಾಗುತ್ತಲೇ ಇದೆ, ಮುಂದೆಯೂ ಬದಲಾಗುತ್ತದೆ. ಇದು ಗೊತ್ತಿದ್ದೂ ಅಂಕಿಯನ್ನು ಕೋಡಿನೊಳಗೆ ಹೂತಿಡೋದು ಸೋಮಾರಿ ಕೆಲಸ, ಇನ್ನೇನು?

ಕಸ್ಟಮೈಸ್ ಮಾಡಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆಯ ವ್ಯಾಪಾರಕ್ಕೆ ಅದು ಬೇಕೇ ಬೇಕು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯನ್ನೇ ನೋಡಿ. ಮಾಲು ಅಂಗಡಿಯವರದ್ದಲ್ಲ, ರೈತರದ್ದು. ಒಬ್ಬ ರೈತನ ಚೀಲಗಳು ಬೇರೆ ಬೇರೆ ಲಾಟ್ ಆಗಿ ಬೇರೆ ಬೇರೆ ಖರೀದಿದಾರರಿಗೆ ಹೋಗುತ್ತವೆ. ಡಬ್ಬಿ ತಳಿಯ ಮೆಣಸಿನಕಾಯಿಗೆ ಒಂದು ದರ, ಕಡ್ಡಿ ತಳಿಗೆ ಇನ್ನೊಂದು. ರೈತ ಮೊದಲೇ ಮುಂಗಡ ತೆಗೆದುಕೊಂಡಿರುತ್ತಾನೆ, ಹಮಾಲಿ ಲೆಕ್ಕ ಬೇರೆ, ಸಂಜೆಯೊಳಗೆ ಅವನ ಕೈಗೆ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ ಕೊಡಬೇಕು. ಇದ್ಯಾವುದೂ ಪೆಟ್ಟಿಗೆಯಿಂದ ತೆಗೆದ ಸಾಫ್ಟ್‌ವೇರ್‌ನಲ್ಲಿ ಇರೋದಿಲ್ಲ, ಅದು ಮಾಲು ಕೊಂಡು ಮಾರುವ ಅಂಗಡಿಯನ್ನು ಮನಸ್ಸಲ್ಲಿಟ್ಟು ಮಾಡಿದ್ದು. ಹೆಚ್ಚಿನವರು ಬಳಸುವ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ನಮ್ಮ ಬೆಂಗಳೂರಿನದ್ದೇ, ಕಂಪನಿ ಶುರುವಾಗಿದ್ದು 1986ರಲ್ಲಿ. ಅದಕ್ಕೆ ಟಿಡಿಎಲ್ ಅಂತ ಅದರದ್ದೇ ಒಂದು ಭಾಷೆ ಇದೆ. ಆ ಭಾಷೆ ಕಲಿತು ಇಂಥ ಪಟ್ಟಿ, ಇಂಥ ಬಿಲ್ ಬರೆದುಕೊಡುವವರು ನಮ್ಮೂರುಗಳಲ್ಲೇ ಇದ್ದಾರೆ, ಅವರಲ್ಲಿ ಕೆಲವರ ಕೆಲಸ ನಿಜಕ್ಕೂ ಅಚ್ಚುಕಟ್ಟು.

ತೊಂದರೆ ಇರೋದು ಅಂಗಡಿಯವರಿಗೆ ಕಾಣದ ಜಾಗದಲ್ಲಿ. ಲಾಟ್ ನಂಬರ್, ಚೀಲದ ಸಂಖ್ಯೆ ಅಂತ ಹೊಸ ಕಾಲಂ ಸೇರಿಸಿದಾಗ ಅದು ಡೇಟಾದಲ್ಲಿ ಒಂದು ನಂಬರಿನ ಮೇಲೆ ಕೂರುತ್ತದೆ. ಆ ಟಿಡಿಎಲ್ ಫೈಲ್ ತೆಗೆದುಹಾಕಿದರೆ ಡೇಟಾ ಅಲ್ಲೇ ಇರುತ್ತದೆ, ಆದರೆ ಬಿಲ್ಲಿನಲ್ಲಿ ಕಾಣೋದಿಲ್ಲ. ಬೇರೊಬ್ಬ ಬಂದು ಗೊತ್ತಿಲ್ಲದೆ ಅದೇ ನಂಬರನ್ನು ಲಾರಿ ಬಾಡಿಗೆಗೆ ಬಳಸಿದರೆ ಮುಗಿಯಿತು, ಎರಡೂ ಕಲಸುಮೇಲೋಗರ. ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಟ್ಟುಕೊಂಡಿರಬೇಕು. ಆರು ವರ್ಷ! ಅಷ್ಟರಲ್ಲಿ ಬರೆದ ಹುಡುಗ ಎಲ್ಲಿರುತ್ತಾನೋ, ಸಾಫ್ಟ್‌ವೇರ್ ಎಷ್ಟು ಸಲ ಅಪ್‌ಗ್ರೇಡ್ ಆಗಿರುತ್ತದೋ. ಇನ್ನು ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದಿಂದ ಬಂದವರ ಕಥೆ ಬೇಡವೇ ಬೇಡ. ರೈತರ ಹೆಸರನ್ನು ಯೂನಿಕೋಡ್ ಅಲ್ಲದ ಹಳೇ ಫಾಂಟ್‌ನಲ್ಲಿ ಹೊಡೆದಿಟ್ಟಿದ್ದಾರೆ, ಹೊಸ ಸಾಫ್ಟ್‌ವೇರ್‌ಗೆ ತಂದರೆ ಯಾವ ದೇಶದ ಲಿಪಿಯೋ ಗೊತ್ತಾಗೋದಿಲ್ಲ.

ಅದಕ್ಕೇ ವ್ಯಾಪಾರಿಗಳಲ್ಲಿ ನನ್ನದೊಂದು ವಿನಂತಿ. ಕೆಲಸ ಬರೆಸುವಾಗಲೇ ಸೋರ್ಸ್ ಫೈಲ್, ಅಂದರೆ ಬೇರೆಯವರೂ ತೆರೆದು ತಿದ್ದಬಹುದಾದ ಮೂಲ ಕೋಡ್, ಕೇಳಿ ಇಸಿದುಕೊಳ್ಳಿ. ಯಾವ ಕಾಲಂಗೆ ಯಾವ ನಂಬರ್, ಸಾಫ್ಟ್‌ವೇರಿನ ಯಾವ ಆವೃತ್ತಿಗೆ ಬರೆದದ್ದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕನ್ನಡದಲ್ಲೇ ಬರೆಯಲಿ, ಪರವಾಗಿಲ್ಲ. ದರ, ಮಿತಿ, ಹಮಾಲಿ ರೇಟು ಯಾವುದೂ ಕೋಡಿನೊಳಗೆ ಇರಬಾರದು, ದಿವಾನಜಿಯೇ ಬದಲಾಯಿಸುವಂತಿರಬೇಕು.

ಬರೆಯುವವರಿಗೂ ಒಂದು ಭಯ ಇದೆ, ಅದು ಸುಳ್ಳಲ್ಲ. ಸೋರ್ಸ್ ಕೊಟ್ಟರೆ ಮಾಲೀಕರು ಅದನ್ನು ಪಕ್ಕದ ಅಂಗಡಿಯವರಿಗೆ ಪುಕ್ಕಟೆ ಕೊಡುತ್ತಾರೆ ಅಂತ. ಕೊಟ್ಟ ಉದಾಹರಣೆಗಳೂ ಇವೆ! ನಮ್ಮ ಮಾಲೀಕರೂ ಕಡಿಮೆ ಏನಿಲ್ಲ ಬಿಡಿ. ಮೊದಲು ರೇಟಿಗೆ ಚೌಕಾಸಿ ಮಾಡುತ್ತಾರೆ, ವರ್ಷದ ನಿರ್ವಹಣೆ ಶುಲ್ಕ ಕೊಡೋದಿಲ್ಲ, ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ‘ಒಂದು ಕಾಲಂ ಹಾಕಿಕೊಡಪ್ಪ’ ಅನ್ನುತ್ತಾರೆ. ಹಾಗಿದ್ದಾಗ ಆ ಹುಡುಗ ಪುಣೆಗೆ ಹೋಗದೆ ಏನು ಮಾಡುತ್ತಾನೆ? ಸೋರ್ಸಿಗೆ ಬೇರೆ ಬೆಲೆ ಹಾಕಲಿ, ಇನ್ನೊಬ್ಬರಿಗೆ ಕೊಡೋದಿಲ್ಲ ಅಂತ ಮಾಲೀಕರು ಸಹಿ ಮಾಡಲಿ. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯವರು ಇಂಥ ಕರಾರಿನ ಒಂದು ಮಾದರಿಯನ್ನು ಕನ್ನಡದಲ್ಲಿ ತಯಾರಿಸಿ ಕೊಟ್ಟರೆ ಗದಗ, ಹಾವೇರಿಯ ಸಣ್ಣ ವ್ಯಾಪಾರಿಗಳಿಗೂ ಉಪಯೋಗ. ವಕೀಲರ ಹತ್ರ ಹೋಗುವಷ್ಟು ದೊಡ್ಡ ವ್ಯವಹಾರ ಅಲ್ಲ ಅಂತಲೇ ಎಲ್ಲರೂ ಬಾಯಿಮಾತಿನಲ್ಲಿ ಮುಗಿಸುತ್ತಾರೆ.

ಅಪ್‌ಗ್ರೇಡ್ ಮಾಡುವವರಿಗೂ ಒಂದು ಮಾತು. ಮಾರ್ಚ್ ಕೊನೆಯಲ್ಲಿ, ಇಲ್ಲವೇ ತಿಂಗಳ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1 ತುಂಬುವ 11ನೇ ತಾರೀಖಿನ ಹಿಂದಿನ ದಿನ ಆ ಕೆಲಸಕ್ಕೆ ಕೈ ಹಾಕಬೇಡಿ. ಹೊಸ ಆವೃತ್ತಿಗೆ ತಿರುಗಿಸಿದ ಡೇಟಾ ಸಾಮಾನ್ಯವಾಗಿ ಹಳೆಯದರಲ್ಲಿ ಮತ್ತೆ ತೆರೆಯೋದಿಲ್ಲ, ಹಾಗಾಗಿ ಮೊದಲು ಡೇಟಾದ ಒಂದು ಪ್ರತಿ ತೆಗೆದು ಬೇರೆ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ. ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಜಮಾ-ಖರ್ಚಿನ ಮೊತ್ತ, ತಾಳೆ ಆದರೆ ಸಾಲದು, ಎರಡು ವರ್ಷದ ಹಿಂದಿನ ಒಂದು ಪಟ್ಟಿಯನ್ನು ಪ್ರಿಂಟ್ ತೆಗೆಯಿರಿ. ಲಾಟ್ ನಂಬರ್, ಚೀಲದ ಲೆಕ್ಕ, ರೈತನ ಹೆಸರು ಮೂರೂ ಸರಿಯಾಗಿ ಬಂದರೆ ಮಾತ್ರ ಅಂಗಡಿಯ ಕಂಪ್ಯೂಟರ್ ಮುಟ್ಟಿ.

– ಅಂಗಡಿಗಳ ಲೆಕ್ಕ ಬರೆಯುವವ, ಹುಬ್ಬಳ್ಳಿ